ಟೈರೀಕ್ ಹಿಲ್ ಬಿಟ್ಟುಕೊಟ್ಟು ಗೆದ್ದ ಕ್ಯಾನ್ಸಸ್ ಸಿಟಿ: ಸ್ಯಾಲರಿ ಕ್ಯಾಪ್ ಅಡಿಯಲ್ಲಿ ತಂಡ ಕಟ್ಟಿದ ಪ್ರಕರಣ

2022ರ ಮಾರ್ಚ್ 23ರಂದು ಅಮೆರಿಕನ್ ಫುಟ್‌ಬಾಲ್‌ನ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ ತನ್ನ ಅತಿ ವೇಗದ ರಿಸೀವರ್ (ಎಸೆದ ಚೆಂಡು ಹಿಡಿದು ಓಡುವ ಆಟಗಾರ) ಟೈರೀಕ್ ಹಿಲ್ ಅವರನ್ನು ಮಯಾಮಿ ಡಾಲ್ಫಿನ್ಸ್‌ಗೆ ಬಿಟ್ಟುಕೊಟ್ಟಿತು. ಬದಲಿಗೆ ಒಬ್ಬ ಆಟಗಾರನೂ ಬರಲಿಲ್ಲ. ಬಂದಿದ್ದು ಐದು ಡ್ರಾಫ್ಟ್ ಆಯ್ಕೆಗಳು. ಅಂದರೆ ಇನ್ನೂ ಹೆಸರೇ ಗೊತ್ತಿಲ್ಲದ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಹಕ್ಕು. ಹಿಲ್‌ಗೆ ಆಗ 28 ವರ್ಷ. ಹಿಂದಿನ ಸೀಸನ್‌ನಲ್ಲಿ 111 ಕ್ಯಾಚ್, 1,239 ಗಜ. ಇಂಥವರನ್ನು ಯಾರಾದರೂ ಸುಮ್ನೆ ಬಿಡ್ತಾರಾ ಅಂತ ಅಭಿಮಾನಿಗಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲಿನ ಎರಡು ಸೀಸನ್‌ಗಳಲ್ಲೂ ಚೀಫ್ಸ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಹಾಗಂತ ಹಿಲ್ ಹೋದದ್ದೇ ಒಳ್ಳೆಯದಾಯಿತು ಎಂದುಬಿಟ್ಟರೆ ವಿಷಯ ಅರ್ಥವಾಗುವುದಿಲ್ಲ. ಹಿಲ್ ಹೋದ ಮೇಲೆ ಕೈಗೆ ಬಂದ ಹಣವನ್ನು, ಆಯ್ಕೆಗಳನ್ನು ಎಲ್ಲಿ ಹಾಕಿದರು ಅನ್ನುವುದು ಮುಖ್ಯ. ಅದನ್ನು ನೋಡಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು. ಅದಕ್ಕೂ ಮುಂಚೆ ಲೆಕ್ಕದ ನಿಯಮ ಸ್ವಲ್ಪ ತಿಳಿದಿರಬೇಕು.

ಪರ್ಸ್ ಮತ್ತು ಕಂತು

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್. ಅದರಲ್ಲಿ 32 ತಂಡಗಳಿವೆ. ಸೀಸನ್ ಶುರುವಾಗುವಾಗ ಒಂದೊಂದು ತಂಡದಲ್ಲಿ 53 ಆಟಗಾರರು. ಇವರೆಲ್ಲರ ಸಂಬಳಕ್ಕೆ ಲೀಗ್ ಪ್ರತಿ ವರ್ಷ ಒಂದು ಮಿತಿ ಹಾಕುತ್ತದೆ. ಅದೇ ಸ್ಯಾಲರಿ ಕ್ಯಾಪ್. ಮಾಲೀಕ ಎಷ್ಟೇ ದೊಡ್ಡ ಶ್ರೀಮಂತನಾದರೂ ದಂಡ ಕಟ್ಟಿ ಮಿತಿ ದಾಟುವ ದಾರಿ ಇಲ್ಲ. 1994ರಲ್ಲಿ ಶುರುವಾದಾಗ ಇದು 34.6 ಮಿಲಿಯನ್ ಡಾಲರ್ ಇತ್ತು. 2020ರ ಹೊತ್ತಿಗೆ 198.2 ಮಿಲಿಯನ್ ಆಗಿತ್ತು.

ನಮಗೆ ಐಪಿಎಲ್ ಪರ್ಸ್ ಗೊತ್ತಿರುವುದರಿಂದ ಇದು ಹೊಸದೇನಲ್ಲ. 2022ರ ಮೆಗಾ ಹರಾಜಿಗೆ ಮುಂಚೆ ಆರ್‌ಸಿಬಿ 90 ಕೋಟಿ ಪರ್ಸ್‌ನಲ್ಲಿ ವಿರಾಟ್ ಕೊಹ್ಲಿ ಅವರನ್ನು 15 ಕೋಟಿಗೆ ಉಳಿಸಿಕೊಂಡಿತು. ಮ್ಯಾಕ್ಸ್‌ವೆಲ್‌ಗೆ 11, ಸಿರಾಜ್‌ಗೆ 7. ಉಳಿದ 57 ಕೋಟಿಯಲ್ಲಿ ಮಿಕ್ಕ ತಂಡ ಕಟ್ಟಬೇಕು. ಅಂದರೆ ಒಬ್ಬ ಕೊಹ್ಲಿಗೇ ಸುಮಾರು ಶೇ 17. ಅದೇ ವರ್ಷ ಕ್ಯಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಪ್ಯಾಟ್ರಿಕ್ ಮಹೋಮ್ಸ್ ಅವರ ಪಾಲು ಕೂಡ ಹೆಚ್ಚುಕಡಿಮೆ ಅಷ್ಟೇ ಇತ್ತು.

ಆದರೆ ಐಪಿಎಲ್‌ನಲ್ಲಿ ಇಲ್ಲದ ಒಂದು ಅನುಕೂಲ ಎನ್‌ಎಫ್‌ಎಲ್‌ನಲ್ಲಿದೆ: ಕಂತು. ಆಟಗಾರನಿಗೆ ಸಹಿ ಹಾಕಿದ ದಿನವೇ 20 ಮಿಲಿಯನ್ ಸೈನಿಂಗ್ ಬೋನಸ್ ಕೊಟ್ಟರೂ ಕ್ಯಾಪ್ ಲೆಕ್ಕದಲ್ಲಿ ಅದನ್ನು ಐದು ವರ್ಷದವರೆಗೆ ಹಂಚಬಹುದು. ದುಡ್ಡು ಈಗಲೇ ಆಟಗಾರನ ಕೈಸೇರಿತು, ಲೆಕ್ಕಕ್ಕೆ ವರ್ಷಕ್ಕೆ 4 ಮಿಲಿಯನ್ ಮಾತ್ರ. ಕೇಳಲು ಚೆನ್ನಾಗಿದೆ. ಆದರೆ ಎರಡು ವರ್ಷಕ್ಕೇ ಆ ಆಟಗಾರನನ್ನು ಬಿಟ್ಟರೆ ಉಳಿದ 12 ಮಿಲಿಯನ್ ತಂಡದ ತಲೆಗೇ ಬರುತ್ತದೆ. ಅವನು ಬೇರೆ ಕಡೆ ಆಡುತ್ತಿರುತ್ತಾನೆ, ಇಲ್ಲಿನ ಕ್ಯಾಪ್‌ನಲ್ಲಿ ಅವನ ಹೆಸರಿನ ಜಾಗ ಹಾಗೇ ಇರುತ್ತದೆ. ಇದಕ್ಕೆ ಅಲ್ಲಿ ‘ಡೆಡ್ ಮನಿ’ ಅನ್ನುತ್ತಾರೆ.

ಇನ್ನೊಂದು ನಿಯಮ ಇದಕ್ಕಿಂತಲೂ ಮುಖ್ಯ. ಡ್ರಾಫ್ಟ್‌ನಲ್ಲಿ ಬರುವ ಹೊಸ ಹುಡುಗರಿಗೆ, ಅಂದರೆ ರೂಕಿಗಳಿಗೆ, 2011ರಿಂದ ಸಂಬಳ ಹೆಚ್ಚುಕಡಿಮೆ ನಿಗದಿಯಾಗಿದೆ. ನಾಲ್ಕು ವರ್ಷದ ಒಪ್ಪಂದ. ಅವನು ಎಷ್ಟೇ ಅದ್ಭುತವಾಗಿ ಆಡಿದರೂ ಮೊದಲ ಮೂರು ವರ್ಷ ಸಂಬಳ ಹೆಚ್ಚಿಸುವ ಮಾತೇ ಎತ್ತುವಂತಿಲ್ಲ. ಕ್ಯಾಪ್ ಅಡಿಯಲ್ಲಿ ದೊಡ್ಡ ಲಾಭ ಸಿಗುವ ಜಾಗ ಇದೇ. ಇದು ಹುಡುಗರಿಗೆ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಈ ಆಟದಲ್ಲಿ ಮಂಡಿಯೋ ಬೆನ್ನೋ ಯಾವಾಗ ಹೋಗುತ್ತದೆ ಹೇಳಲಾಗದು. ಒಂದು ಕೆಟ್ಟ ಪೆಟ್ಟು ಬಿದ್ದರೆ ದೊಡ್ಡ ಸಂಬಳದ ಎರಡನೇ ಒಪ್ಪಂದ ಬರುವುದೇ ಇಲ್ಲ. ಆದರೆ ತಂಡ ಕಟ್ಟುವವರು ಇರುವ ನಿಯಮದೊಳಗೇ ಕೆಲಸ ಮಾಡಬೇಕು.

ಮಹೋಮ್ಸ್ ಅವರೇ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ 10ನೇ ಆಯ್ಕೆಯಾಗಿ ಬಂದರು. ನಾಲ್ಕು ವರ್ಷಕ್ಕೆ ಒಟ್ಟು ಸುಮಾರು 16.4 ಮಿಲಿಯನ್. ಆ ಸಂಬಳದಲ್ಲೇ 2018ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದರು, 2020ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದುಕೊಟ್ಟರು. ಅವರು ಅಗ್ಗಕ್ಕೆ ಸಿಗುತ್ತಿದ್ದುದರಿಂದಲೇ ಮಿಕ್ಕ ಸ್ಟಾರ್‌ಗಳಿಗೆ ದುಡ್ಡಿತ್ತು. ಹಿಲ್‌ಗೆ 2019ರಲ್ಲಿ ಮೂರು ವರ್ಷಕ್ಕೆ 54 ಮಿಲಿಯನ್, ಡಿಫೆನ್ಸ್‌ನ ಫ್ರಾಂಕ್ ಕ್ಲಾರ್ಕ್‌ಗೆ ಐದು ವರ್ಷಕ್ಕೆ 104 ಮಿಲಿಯನ್. 2020ರ ಜುಲೈಯಲ್ಲಿ ಮಹೋಮ್ಸ್‌ಗೆ 10 ವರ್ಷಕ್ಕೆ 450 ಮಿಲಿಯನ್‌ನ ಹೊಸ ಒಪ್ಪಂದವಾಯಿತು. ಅಗ್ಗದ ಕಾಲ ಮುಗಿಯಿತು ಅಂತ ಅವತ್ತೇ ಗೊತ್ತಾಗಿತ್ತು.

31–9

2021ರ ಫೆಬ್ರವರಿ 7, ಟ್ಯಾಂಪಾ. ಚೀಫ್ಸ್ ಮತ್ತೆ ಸೂಪರ್ ಬೌಲ್‌ನಲ್ಲಿತ್ತು. ಎದುರಿಗೆ ಟಾಮ್ ಬ್ರೇಡಿಯ ಬಕನೀರ್ಸ್. ಮಹೋಮ್ಸ್ ಇದ್ದರು, ಹಿಲ್ ಇದ್ದರು, ಟ್ರಾವಿಸ್ ಕೆಲ್ಸಿ ಇದ್ದರು. ಇಲ್ಲದಿದ್ದುದು ಮಹೋಮ್ಸ್ ಮುಂದೆ ನಿಂತು ಕಾಯಬೇಕಾದ ಲೈನ್.

ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮುಂಚೆ ಎದುರಾಳಿಗಳು ಬಂದು ಅವನನ್ನು ಕೆಡವದಂತೆ ಐದು ಜನ ದೈತ್ಯರು ತಡೆಯುತ್ತಾರೆ. ಆ ಐವರ ಎರಡು ತುದಿಗಳಲ್ಲಿ ನಿಲ್ಲುವವರು ಟ್ಯಾಕಲ್. ಚೀಫ್ಸ್‌ನ ಇಬ್ಬರು ಟ್ಯಾಕಲ್‌ಗಳೂ ಅವತ್ತು ಇರಲಿಲ್ಲ. ಮಿಚೆಲ್ ಶ್ವಾರ್ಟ್ಜ್ ಬೆನ್ನುನೋವಿನಿಂದ ಹೊರಗಿದ್ದರು. ಎರಿಕ್ ಫಿಶರ್ ಹಿಂದಿನ ಪಂದ್ಯದಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡಿದ್ದರು. ಮಹೋಮ್ಸ್ ಚೆಂಡು ಹಿಡಿದಾಗಲೆಲ್ಲ ಓಡುವುದೇ ಆಯಿತು. 29 ಸಲ ಎದುರಾಳಿಗಳು ಮೈಮೇಲೆ ಬಂದರು, ಅದು ಸೂಪರ್ ಬೌಲ್ ದಾಖಲೆ. ಚೆಂಡು ಎಸೆಯುವ ಮುಂಚೆ ಅವರು ಹಿಂದೆ ಮುಂದೆ, ಪಕ್ಕಕ್ಕೆ ಓಡಿದ ದೂರ 497 ಗಜ. ಒಂದು ಎಸೆತ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕನೇ ಡೌನ್, ಅಂದರೆ ಕೊನೆಯ ಅವಕಾಶ. ಮಹೋಮ್ಸ್ ಕಾಲು ತಪ್ಪಿ ನೆಲಕ್ಕೆ ಸಮಾನಾಂತರವಾಗಿ ಗಾಳಿಯಲ್ಲಿದ್ದಾರೆ, ಆ ಸ್ಥಿತಿಯಲ್ಲೇ ಚೆಂಡು ಬಿಟ್ಟರು. ಅದು ನೇರ ಹೋಗಿ, ಚೆಂಡು ಸೇರಿದರೆ ಟಚ್‌ಡೌನ್ ಅಂದರೆ ಆರು ಅಂಕ ಸಿಗುವ ಎಂಡ್ ಝೋನ್‌ನಲ್ಲಿ ಡ್ಯಾರೆಲ್ ವಿಲಿಯಮ್ಸ್ ಅವರ ಹೆಲ್ಮೆಟ್ಟಿನ ಮುಂಭಾಗಕ್ಕೆ ಬಡಿದು ಕೆಳಗೆ ಬಿತ್ತು. ಅಂಥ ಎಸೆತ ಎಸೆದವರ ತಂಡ ಅವತ್ತು ಒಂದೇ ಒಂದು ಟಚ್‌ಡೌನ್ ಗಳಿಸಲಿಲ್ಲ.

ಈ ಪ್ರಕರಣದ ಆರಂಭ ಈ ಸೋಲು ಅಂತ ನಾನು ಹೇಳುತ್ತೇನೆ, ಹಿಲ್ ಟ್ರೇಡ್ ಅಲ್ಲ. ಮೂವರು ಸ್ಟಾರ್‌ಗಳಿದ್ದರೂ ಮುಂದೆ ಕಾಯುವವರಿಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಅವತ್ತು ಸ್ಪಷ್ಟವಾಯಿತು. ಜನರಲ್ ಮ್ಯಾನೇಜರ್ ಬ್ರೆಟ್ ವೀಚ್ ಮತ್ತು ಕೋಚ್ ಆಂಡಿ ರೀಡ್ ಆ ಪಾಠವನ್ನು ತಕ್ಷಣ ಲೆಕ್ಕಕ್ಕಿಳಿಸಿದರು.

ಪರಿಸ್ಥಿತಿ ಮಾತ್ರ ಕಷ್ಟದ್ದಿತ್ತು. ಕೊರೊನಾದಿಂದ ಸ್ಟೇಡಿಯಂಗಳು ಖಾಲಿಯಾಗಿ ಲೀಗಿನ ಆದಾಯ ಇಳಿದಿತ್ತು. 2021ರ ಕ್ಯಾಪ್ 182.5 ಮಿಲಿಯನ್‌ಗೆ ಬಿತ್ತು. ಖರ್ಚು ಹೆಚ್ಚಿಸಬೇಕಾದ ವರ್ಷವೇ ಪರ್ಸ್ ಸಣ್ಣದಾಯಿತು. ವೀಚ್ ಮಾರ್ಚ್‌ನಲ್ಲಿ ಫಿಶರ್ ಮತ್ತು ಶ್ವಾರ್ಟ್ಜ್ ಇಬ್ಬರನ್ನೂ ಬಿಟ್ಟರು. ಜೊತೆಗೆ ಮಹೋಮ್ಸ್‌ಗೆ ಆ ವರ್ಷ ಕೊಡಬೇಕಿದ್ದ ದೊಡ್ಡ ಬೋನಸನ್ನು ಸೈನಿಂಗ್ ಬೋನಸ್ ಆಗಿ ಬದಲಿಸಿ ಐದು ವರ್ಷಕ್ಕೆ ಹಂಚಿದರು. ಮಹೋಮ್ಸ್‌ಗೆ ಒಂದು ಡಾಲರೂ ಕಡಿಮೆಯಾಗಲಿಲ್ಲ, ಕ್ಯಾಪ್‌ನಲ್ಲಿ ಸುಮಾರು 17 ಮಿಲಿಯನ್ ಜಾಗ ಸಿಕ್ಕಿತು. ಹತ್ತು ವರ್ಷದ ಒಪ್ಪಂದದ ಉಪಯೋಗವೇ ಇದು. ಹಂಚಲು ಮುಂದೆ ವರ್ಷಗಳು ಜಾಸ್ತಿ ಇರುತ್ತವೆ, ಆಟಗಾರ ಬಿಟ್ಟುಹೋಗುವ ಭಯವೂ ಇಲ್ಲ.

ಆ ಜಾಗದಲ್ಲಿ, ಲೈನ್‌ನಲ್ಲಿ ಟ್ಯಾಕಲ್ ಪಕ್ಕ ನಿಲ್ಲುವ ಗಾರ್ಡ್ ಜೋ ಟೂನಿ ಐದು ವರ್ಷಕ್ಕೆ 80 ಮಿಲಿಯನ್‌ಗೆ ಬಂದರು. ಲೆಫ್ಟ್ ಟ್ಯಾಕಲ್ ಒರ್ಲ್ಯಾಂಡೊ ಬ್ರೌನ್ ಅವರನ್ನು ಬಾಲ್ಟಿಮೋರ್‌ನಿಂದ ಟ್ರೇಡ್ ಮಾಡಿ ತಂದರು. ಅದಕ್ಕೆ ಮೊದಲ ಸುತ್ತಿನ ಆಯ್ಕೆಯನ್ನೇ ಕೊಡಬೇಕಾಯಿತು. ಬ್ರೌನ್ ಇನ್ನೂ ರೂಕಿ ಒಪ್ಪಂದದ ಕೊನೆಯ ವರ್ಷದಲ್ಲಿದ್ದರು, ಹಾಗಾಗಿ ಆ ವರ್ಷದ ಸಂಬಳ ಕಡಿಮೆ. ಲೈನ್‌ನ ನಡುವೆ ನಿಲ್ಲುವ ಸೆಂಟರ್ ಕ್ರೀಡ್ ಹಂಫ್ರಿ ಡ್ರಾಫ್ಟ್‌ನ 63ನೇ ಆಯ್ಕೆ. ಬಲಗಡೆಯ ಗಾರ್ಡ್ ಟ್ರೇ ಸ್ಮಿತ್ 226ನೇ ಆಯ್ಕೆ, ಆರನೇ ಸುತ್ತು. ಸ್ಮಿತ್ ಅಷ್ಟು ಕೆಳಗೆ ಜಾರಿದ್ದಕ್ಕೆ ಕಾರಣ ಆಟವಲ್ಲ. ಕಾಲೇಜಿನಲ್ಲಿ ಅವರ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಹಳ ತಂಡಗಳು ಹೆದರಿ ಹಿಂದೆ ಸರಿದವು, ಚೀಫ್ಸ್ ವೈದ್ಯರ ವರದಿ ನೋಡಿ ಧೈರ್ಯ ಮಾಡಿತು. ಸೆಪ್ಟೆಂಬರ್‌ನಲ್ಲಿ ಸೀಸನ್ ಶುರುವಾದಾಗ ಲೈನ್‌ನಲ್ಲಿದ್ದ ಐವರೂ ಹೊಸಬರು.

ಹಿಲ್ ಬೆಲೆ ಏರಿದ ವಾರ

2022ರ ಮಾರ್ಚ್‌ಗೆ ಬರೋಣ. ಹಿಲ್ ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿತ್ತು. ಚೀಫ್ಸ್ ಹೊಸ ಒಪ್ಪಂದದ ಮಾತುಕತೆ ನಡೆಸುತ್ತಿತ್ತು. ಅಷ್ಟರಲ್ಲಿ ಮಾರ್ಚ್ 17ರಂದು ಗ್ರೀನ್ ಬೇ ತಂಡದ ರಿಸೀವರ್ ದವಾಂಟೆ ಆಡಮ್ಸ್ ಲಾಸ್ ವೇಗಾಸ್ ರೈಡರ್ಸ್‌ಗೆ ಹೋದರು. ಐದು ವರ್ಷಕ್ಕೆ 140 ಮಿಲಿಯನ್, ವರ್ಷಕ್ಕೆ 28. ರಿಸೀವರ್‌ಗಳ ಮಾರುಕಟ್ಟೆ ದರವೇ ಒಂದು ದಿನದಲ್ಲಿ ಬದಲಾಯಿತು. ಆಡಮ್ಸ್‌ಗೆ ಅಷ್ಟಾದರೆ ನನಗೆಷ್ಟು ಅಂತ ಹಿಲ್ ಕೇಳುವುದು ಸಹಜ. ಕೇಳಬೇಕಾದ್ದೇ. ಒಂದು ವಾರವೂ ಆಗಲಿಲ್ಲ, ಟ್ರೇಡ್ ಮುಗಿದಿತ್ತು. ನ್ಯೂಯಾರ್ಕ್ ಜೆಟ್ಸ್ ಕೂಡ ಸಾಲಿನಲ್ಲಿತ್ತು, ಹಿಲ್ ಮಯಾಮಿ ಆರಿಸಿಕೊಂಡರು. ನಾಲ್ಕು ವರ್ಷಕ್ಕೆ 120 ಮಿಲಿಯನ್, ಅದರಲ್ಲಿ 72.2 ಮಿಲಿಯನ್ ಖಾತ್ರಿ.

ಚೀಫ್ಸ್ ಕಡೆಯಿಂದ ಕೂತು ಲೆಕ್ಕ ಹಾಕಿ ನೋಡಿ. 2022ರ ಕ್ಯಾಪ್ 208.2 ಮಿಲಿಯನ್. ಮಹೋಮ್ಸ್ ಪಾಲು 35.8. ಫ್ರಾಂಚೈಸ್ ಟ್ಯಾಗ್ (ಒಪ್ಪಂದ ಮುಗಿದವರನ್ನು ಒಂದು ವರ್ಷ ತಡೆದಿಡುವ ಹಕ್ಕು) ಹಾಕಿ ಉಳಿಸಿಕೊಂಡ ಒರ್ಲ್ಯಾಂಡೊ ಬ್ರೌನ್‌ಗೆ 16.7. ಕ್ರಿಸ್ ಜೋನ್ಸ್, ಕೆಲ್ಸಿ, ಕ್ಲಾರ್ಕ್, ಟೂನಿ ಎಲ್ಲರೂ ದೊಡ್ಡ ಸಂಬಳದವರೇ. ಇದರ ಮೇಲೆ ಹಿಲ್‌ಗೂ ವರ್ಷಕ್ಕೆ 25–30 ಮಿಲಿಯನ್ ಕೊಡಬಹುದಿತ್ತು. ಖಂಡಿತ ಆಗುತ್ತಿತ್ತು, ಕಂತಿನ ನಿಯಮ ಇದೆಯಲ್ಲ. ಆದರೆ ಹಾಗೆ ಮಾಡಿದರೆ ಡಿಫೆನ್ಸ್‌ಗೆ ಏನು ಉಳಿಯುತ್ತದೆ? ಎರಡು ವರ್ಷ ಬಿಟ್ಟು ಹಂಫ್ರಿಗೆ, ಸ್ಮಿತ್‌ಗೆ ಎಲ್ಲಿಂದ ಕೊಡುವುದು? ಕ್ಯಾಪ್ ಇರುವ ಲೀಗಿನಲ್ಲಿ ಒಬ್ಬ ಆಟಗಾರನ ಬೆಲೆ ಅವನ ಸಂಬಳವಷ್ಟೇ ಅಲ್ಲ. ಅವನಿಗೆ ಕೊಟ್ಟ ಮೇಲೆ ಯಾರನ್ನು ಇಟ್ಟುಕೊಳ್ಳಲಾಗುವುದಿಲ್ಲವೋ ಅವರೂ ಆ ಬೆಲೆಯಲ್ಲಿ ಸೇರಿರುತ್ತಾರೆ. ಓಟವನ್ನೇ ನಂಬಿದ ಆಟಗಾರನಿಗೆ 28ರಿಂದ 32ರವರೆಗೆ ಲೀಗಿನಲ್ಲೇ ಹೆಚ್ಚು ಸಂಬಳ ಕೊಡುವುದು ಬೇರೆಯದೇ ಅಪಾಯ.

ಟ್ರೇಡ್‌ನಿಂದ ಆ ವರ್ಷದ ಕ್ಯಾಪ್‌ನಲ್ಲಿ ಸುಮಾರು 18 ಮಿಲಿಯನ್ ಬಿಡುಗಡೆಯಾಯಿತು. ಇಲ್ಲಿ ಚೀಫ್ಸ್ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸುತ್ತದೆ: ಇನ್ನೊಬ್ಬ ಹಿಲ್‌ನನ್ನು ಹುಡುಕಲು ಹೋಗಲಿಲ್ಲ. ಜೂಜು ಸ್ಮಿತ್-ಶೂಸ್ಟರ್ ಅವರನ್ನು ಒಂದು ವರ್ಷಕ್ಕೆ, ಮಾರ್ಕ್ವೆಜ್ ವಾಲ್ಡೆಸ್-ಸ್ಕ್ಯಾಂಟ್ಲಿಂಗ್ ಅವರನ್ನು ಮೂರು ವರ್ಷಕ್ಕೆ 30 ಮಿಲಿಯನ್‌ಗೆ ತಂದು ರಿಸೀವರ್ ವಿಷಯ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲಿಸಿದರು. ಸ್ಟಾರ್ ಹೋದ ಜಾಗಕ್ಕೆ ಸ್ಟಾರ್‌ನನ್ನೇ ತರಬೇಕು ಅಂತ ಅಭಿಮಾನಿಗಳ ಒತ್ತಡ ಇರುತ್ತದೆ, ಟಿವಿಯವರ ಒತ್ತಡ ಇರುತ್ತದೆ. ಅದಕ್ಕೆ ಬಗ್ಗಲಿಲ್ಲ.

ಮಯಾಮಿಯಿಂದ ಬಂದಿದ್ದು 2022ರ 29, 50 ಮತ್ತು 121ನೇ ಆಯ್ಕೆಗಳು, ಜೊತೆಗೆ 2023ರ ನಾಲ್ಕನೇ ಮತ್ತು ಆರನೇ ಸುತ್ತಿನ ತಲಾ ಒಂದು. ಡ್ರಾಫ್ಟ್ ರಾತ್ರಿ ಚೀಫ್ಸ್ 29 ಮತ್ತು 121ಕ್ಕೆ ತನ್ನ 94ನ್ನೂ ಸೇರಿಸಿ ನ್ಯೂ ಇಂಗ್ಲೆಂಡ್‌ಗೆ ಕೊಟ್ಟು 21ನೇ ಆಯ್ಕೆ ಪಡೆಯಿತು. ಅದರಲ್ಲಿ ಬಂದವರು ಎದುರಾಳಿ ರಿಸೀವರ್‌ಗಳನ್ನು ಕಾಯುವ ಕಾರ್ನರ್‌ಬ್ಯಾಕ್ ಟ್ರೆಂಟ್ ಮೆಕ್‌ಡಫಿ. ನಾಲ್ಕು ವರ್ಷಕ್ಕೆ ಸುಮಾರು 14 ಮಿಲಿಯನ್. ಹಿಲ್ ಅವರ ಹೊಸ ಒಪ್ಪಂದದಲ್ಲಿ ಅದು ಸರಾಸರಿ ಅರ್ಧ ವರ್ಷದ ಸಂಬಳ. ತನ್ನದೇ ಆದ 30ನೇ ಆಯ್ಕೆಯಲ್ಲಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಡಿಫೆನ್ಸಿವ್ ಎಂಡ್ ಜಾರ್ಜ್ ಕಾರ್ಲಾಫ್ಟಿಸ್. ನಂತರದ ಸುತ್ತುಗಳಲ್ಲಿ ಬ್ರಯಾನ್ ಕುಕ್, ಲಿಯೊ ಶೆನಾಲ್, ಜೋಶುವಾ ವಿಲಿಯಮ್ಸ್, 243ನೇ ಆಯ್ಕೆಯಲ್ಲಿ ಜೇಲನ್ ವಾಟ್ಸನ್. ಎಲ್ಲರೂ ಡಿಫೆನ್ಸ್‌ನವರು. 251ನೇ ಆಯ್ಕೆಯಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್‌ಬ್ಯಾಕ್ ಐಸಾಯ ಪಚೆಕೊ, ಲೀಗಿನ ಕನಿಷ್ಠ ಸಂಬಳ 7,05,000 ಡಾಲರ್‌ಗೆ.

ಎಲ್ಲ ಆಯ್ಕೆಯೂ ಫಲ ಕೊಡಲಿಲ್ಲ. 50ನೇ ಆಯ್ಕೆಯಿಂದ ನಾಲ್ಕು ಸ್ಥಾನ ಕೆಳಗಿಳಿದು 54ರಲ್ಲಿ ತೆಗೆದುಕೊಂಡ ರಿಸೀವರ್ ಸ್ಕೈ ಮೂರ್ ನಿರೀಕ್ಷೆ ಮುಟ್ಟಲಿಲ್ಲ. ನೇರವಾಗಿ ಹಿಲ್ ಜಾಗ ತುಂಬಲೆಂದು ತಂದ ಹುಡುಗನೇ ನಿಲ್ಲಲಿಲ್ಲ, ಉಳಿದವರು ನಿಂತರು.

ಫಲ

2022ರ ಸೀಸನ್ 14 ಗೆಲುವು, 3 ಸೋಲು. ಮಹೋಮ್ಸ್ 5,250 ಗಜ ಎಸೆದು ಲೀಗಿಗೇ ಮೊದಲಿಗರಾದರು. ಸೆಮಿಫೈನಲ್‌ಗೆ ಸಮನಾದ ಎಎಫ್‌ಸಿ ಫೈನಲ್‌ನಲ್ಲಿ ಸಿನ್ಸಿನಾಟಿಯ ಜೋ ಬರೋ ಎಸೆದ ಚೆಂಡನ್ನು ಕಸಿದವರು ವಾಟ್ಸನ್ ಮತ್ತು ವಿಲಿಯಮ್ಸ್, ಇಬ್ಬರೂ ರೂಕಿಗಳು. 2023ರ ಫೆಬ್ರವರಿ 12ರ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದ ಫಿಲಡೆಲ್ಫಿಯಾ ಈಗಲ್ಸ್ ಆ ಸೀಸನ್‌ನಲ್ಲಿ 70 ಸಲ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವಿದ್ದ ತಂಡ. ಅವತ್ತು ಮಹೋಮ್ಸ್‌ರನ್ನು ಒಂದು ಸಲವೂ ಕೆಡವಲಾಗಲಿಲ್ಲ. 2021ರಲ್ಲಿ ಕಟ್ಟಿದ ಲೈನ್ ಅದು. ಪಚೆಕೊ 15 ಓಟದಲ್ಲಿ 76 ಗಜ, ಒಂದು ಟಚ್‌ಡೌನ್. 38–35ರ ಗೆಲುವು. ಕ್ಯಾಪ್‌ನ ಶೇ 17ರಷ್ಟು ಒಬ್ಬರೇ ತೆಗೆದುಕೊಂಡ ಕ್ವಾರ್ಟರ್‌ಬ್ಯಾಕ್ ಗೆದ್ದದ್ದು ಅದೇ ಮೊದಲು. ಅಲ್ಲಿಯವರೆಗೆ ಇದ್ದ ದಾಖಲೆ ಕ್ಯಾಪ್ ಬಂದ ಮೊದಲ ವರ್ಷದ್ದೇ, 1994ರ ಸ್ಟೀವ್ ಯಂಗ್ ಅವರ ಶೇ 13.1.

ಮಹೋಮ್ಸ್ ಇದ್ದರೆ ಯಾರು ಬೇಕಾದರೂ ಗೆಲ್ಲುತ್ತಾರೆ ಅನ್ನುವವರಿದ್ದಾರೆ. ಅರ್ಧ ನಿಜ. ಆದರೆ ಅದೇ ಮಹೋಮ್ಸ್, ಪಕ್ಕದಲ್ಲಿ ಹಿಲ್ ಇದ್ದಾಗಲೂ 31–9ರಲ್ಲಿ ಸೋತದ್ದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಿಲ್ ಕೂಡ ಮಯಾಮಿಯಲ್ಲಿ ಕುಗ್ಗಲಿಲ್ಲ. 2022ರಲ್ಲಿ 1,710 ಗಜ, 2023ರಲ್ಲಿ 1,799 ಗಜ ಗಳಿಸಿ ಲೀಗಿಗೇ ಮೊದಲು. ಮಯಾಮಿ ಕೊಟ್ಟ ಹಣಕ್ಕೆ ಅವರು ಮೋಸ ಮಾಡಲಿಲ್ಲ. 2023ರ ನವೆಂಬರ್ 5ರಂದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಎರಡೂ ತಂಡ ಎದುರಾದವು. ಮೊದಲರ್ಧ ಮುಗಿಯುವ ಮುಂಚೆ ಹಿಲ್ ಒಂದು ಚಿಕ್ಕ ಪಾಸ್ ಹಿಡಿದರು. ಮೆಕ್‌ಡಫಿ ಕೈಹಾಕಿ ಚೆಂಡು ಕಿತ್ತರು. ಮೈಕ್ ಎಡ್ವರ್ಡ್ಸ್ ಅದನ್ನೆತ್ತಿ, ತಾನು ಬೀಳುವಂತಾದಾಗ ಕುಕ್‌ಗೆ ಎಸೆದರು. ಕುಕ್ 59 ಗಜ ಓಡಿ ಟಚ್‌ಡೌನ್. ಚೆಂಡು ಹಿಡಿದಿದ್ದವರು ಹಿಲ್, ಕಿತ್ತವರು ಹಿಲ್‌ಗೆ ಬದಲಾಗಿ ಬಂದ ಹುಡುಗ. ಪಂದ್ಯ 21–14, ಚೀಫ್ಸ್‌ಗೆ.

ಆ ಸೀಸನ್ ಚೀಫ್ಸ್ ರಿಸೀವರ್‌ಗಳ ಆಟ ನೋಡಲು ಕಷ್ಟವಾಗಿತ್ತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಮೊದಲ ಪಂದ್ಯದಲ್ಲೇ ಕಡೇರಿಯಸ್ ಟೋನಿ ಕೈಗೆ ಬಂದ ಚೆಂಡು ಚಿಮ್ಮಿ ಡೆಟ್ರಾಯಿಟ್ ಆಟಗಾರನ ಪಾಲಾಗಿ ಟಚ್‌ಡೌನ್ ಆಯಿತು, ಪಂದ್ಯ ಒಂದು ಅಂಕದಲ್ಲಿ ಹೋಯಿತು. ನವೆಂಬರ್‌ನಲ್ಲಿ ಈಗಲ್ಸ್ ಎದುರು ವಾಲ್ಡೆಸ್-ಸ್ಕ್ಯಾಂಟ್ಲಿಂಗ್ ಗೆಲುವನ್ನೇ ಕೈಚೆಲ್ಲಿದರು. ಹಿಲ್‌ಗೆ ಕೊಡದೆ ಉಳಿಸಿದ ಹಣದ ಬೆಲೆಯನ್ನು ತಂಡ ಕಟ್ಟಿದ್ದು ಇಲ್ಲೇ. ಆದರೂ ದಡ ಸೇರಿಸಿದ್ದು ಡಿಫೆನ್ಸ್.

2024ರ ಫೆಬ್ರವರಿಯ ಸೂಪರ್ ಬೌಲ್‌ನ ಎರಡು ಕ್ಷಣ ಸಾಕು. ನಾಲ್ಕನೇ ಕ್ವಾರ್ಟರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಚ್‌ಡೌನ್ ಗಳಿಸಿತು. ಅದರ ಮೇಲಿನ ಒಂದು ಅಂಕದ ಕಿಕ್‌ಗೆ ಶೆನಾಲ್ ಕೈ ಅಡ್ಡ ಬಂತು. ಆ ಒಂದು ಅಂಕ ಹೋದದ್ದರಿಂದಲೇ ಚೀಫ್ಸ್ ಮೂರು ಅಂಕದ ಫೀಲ್ಡ್ ಗೋಲ್ ಹೊಡೆದು ಸಮ ಮಾಡಲು ಸಾಧ್ಯವಾಯಿತು. ಆಮೇಲೆ ಎರಡು ನಿಮಿಷ ಉಳಿದಿರುವಾಗ ಮೂರನೇ ಡೌನ್‌ನಲ್ಲಿ ಬ್ರಾಕ್ ಪರ್ಡಿ ಎಸೆದ ಚೆಂಡನ್ನು ಮುನ್ನುಗ್ಗಿ ಬಂದ ಮೆಕ್‌ಡಫಿ ತಟ್ಟಿ ಕೆಡವಿದರು. ಟಚ್‌ಡೌನ್ ಆಗಬಹುದಾಗಿದ್ದು ಫೀಲ್ಡ್ ಗೋಲ್‌ಗೆ ನಿಂತಿತು. ಚೀಫ್ಸ್ ಮತ್ತೆ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ 25–22ರಿಂದ ಗೆದ್ದಿತು.

ಬಾಕಿ

ಅಗ್ಗದ ಹುಡುಗರು ಅಗ್ಗವಾಗೇ ಉಳಿಯುವುದಿಲ್ಲ. 2023ರಲ್ಲಿ ಒರ್ಲ್ಯಾಂಡೊ ಬ್ರೌನ್ ಬಿಟ್ಟುಹೋದರು. 2024ರ ಮಾರ್ಚ್‌ನಲ್ಲಿ ಕ್ರಿಸ್ ಜೋನ್ಸ್‌ಗೆ ಐದು ವರ್ಷಕ್ಕೆ 158.75 ಮಿಲಿಯನ್ ಕೊಡಬೇಕಾಯಿತು. ಕಾರ್ನರ್‌ಬ್ಯಾಕ್ ಎಲ್‌ಜೇರಿಯಸ್ ಸ್ನೀಡ್ ಅವರನ್ನು ಟೆನ್ನೆಸ್ಸಿಗೆ ಕೊಟ್ಟರು. ಆಗಸ್ಟ್‌ನಲ್ಲಿ ಹಂಫ್ರಿಗೆ ನಾಲ್ಕು ವರ್ಷಕ್ಕೆ 72 ಮಿಲಿಯನ್.

ಇದರ ನಡುವೆ ಲೆಫ್ಟ್ ಟ್ಯಾಕಲ್ ಜಾಗ ತೂತಾಗೇ ಉಳಿಯಿತು. 2024ರ ಸೀಸನ್‌ನಲ್ಲಿ ಕಿಂಗ್ಸ್‌ಲಿ ಸುವಾಮಟಾಯಾ, ವಾನ್ಯಾ ಮಾರಿಸ್, ಡಿ.ಜೆ. ಹಂಫ್ರೀಸ್ ಮೂವರನ್ನೂ ನಿಲ್ಲಿಸಿ ನೋಡಿದರು. ಕೊನೆಗೆ ಗಾರ್ಡ್ ಟೂನಿಯನ್ನೇ ಅಲ್ಲಿಗೆ ಸರಿಸಿದರು. 2025ರ ಫೆಬ್ರವರಿ 9ರ ಸೂಪರ್ ಬೌಲ್‌ನಲ್ಲಿ ಈಗಲ್ಸ್ ಹೆಚ್ಚುವರಿ ಆಟಗಾರರನ್ನು ಮುಂದೆ ನುಗ್ಗಿಸದೆಯೇ ಮಹೋಮ್ಸ್‌ರನ್ನು ಆರು ಸಲ ಕೆಡವಿತು. 40–22ರ ಸೋಲು. ನಾಲ್ಕು ವರ್ಷದ ಹಿಂದಿನ ಕಾಯಿಲೆಯೇ ಮರುಕಳಿಸಿತು. ಇಷ್ಟು ಜಾಣತನದಿಂದ ಲೆಕ್ಕ ಹಾಕಿದವರು ಈ ಒಂದು ಜಾಗದಲ್ಲಿ ಎರಡು ವರ್ಷ ತಾತ್ಕಾಲಿಕ ವ್ಯವಸ್ಥೆಯಲ್ಲೇ ಕಾಲ ತಳ್ಳಿದರು ಅನ್ನುವುದು ಈ ಪ್ರಕರಣದಲ್ಲಿ ನನಗಿರುವ ದೊಡ್ಡ ತಕರಾರು.

ಮುಂದಿನ ತಿಂಗಳೇ ಟೂನಿಯನ್ನು ಶಿಕಾಗೊ ಬೇರ್ಸ್‌ಗೆ ಕೊಟ್ಟು ನಾಲ್ಕನೇ ಸುತ್ತಿನ ಆಯ್ಕೆ ಪಡೆದರು. ಒಳ್ಳೆಯ ಫಾರ್ಮ್‌ನಲ್ಲಿದ್ದರೂ ವಯಸ್ಸು 32. ಟ್ರೇ ಸ್ಮಿತ್‌ಗೆ ಜಾಗ ಬೇಕಿತ್ತು. ಆರನೇ ಸುತ್ತಿನಲ್ಲಿ ಬಂದಿದ್ದ ಸ್ಮಿತ್ ಜುಲೈಯಲ್ಲಿ ನಾಲ್ಕು ವರ್ಷಕ್ಕೆ 94 ಮಿಲಿಯನ್‌ನ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ತಿಂಗಳು ಕಾರ್ಲಾಫ್ಟಿಸ್‌ಗೂ ನಾಲ್ಕು ವರ್ಷದ ದೊಡ್ಡ ಒಪ್ಪಂದವಾಯಿತು. ಲೆಫ್ಟ್ ಟ್ಯಾಕಲ್‌ಗೆ ಚೀಫ್ಸ್ ಡ್ರಾಫ್ಟ್‌ನ 32ನೇ ಆಯ್ಕೆಯನ್ನು ಬಳಸಿತು: ಒಹಾಯೊ ಸ್ಟೇಟ್‌ನ ಜೋಶ್ ಸಿಮನ್ಸ್. ಮಂಡಿಯ ದೊಡ್ಡ ಗಾಯ ಇಲ್ಲದಿದ್ದರೆ ಅಷ್ಟು ಕೆಳಗೆ ಸಿಗುವ ಆಟಗಾರ ಅವರಲ್ಲ. ಸ್ಮಿತ್ ವಿಷಯದಲ್ಲಿ ಮಾಡಿದ ಹಾಗೇ ಚೀಫ್ಸ್ ವೈದ್ಯರ ವರದಿ ನಂಬಿ ತೆಗೆದುಕೊಂಡಿತು, ನಾಲ್ಕು ವರ್ಷದ ರೂಕಿ ಸಂಬಳಕ್ಕೆ.